ಚೊಗರಿನಲ್ಲಿ ಬೆಂದ ಹಲ್ಲು

ಮೊಮ್ಮಗಳು ಹಲ್ಲು ಬೆಳ್ಳಗೆ ಮಾಡಿಸಿಕೊಳ್ಳಲು ಹೊರಟಳು. ಜೊತೆಗೆ ನಾನೂ ಹೋದೆ. ನನಗೆ ಮಾಡಿಸುವುದೇನೂ ಇರಲಿಲ್ಲ. ಬಾಯಲ್ಲಿ ಉಳಿದಿರುವುದು ಏಳು ಹಲ್ಲು. ಅವನ್ನು ಬಿಳಿ ಮಾಡಿಸಿದರೆ ಸುತ್ತಲಿನ ಖಾಲಿ ಜಾಗ ಇನ್ನೂ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಮನೆಯಲ್ಲಿ ಕರೆಂಟಿರಲಿಲ್ಲ, ಡಾಕ್ಟರ ಹತ್ತಿರ ಎ.ಸಿ. ಇದೆ ಎಂದು ಗೊತ್ತಿತ್ತು, ಅದಕ್ಕೆ ಹೋದೆ.

ಅಲ್ಲಿ ಡಾಕ್ಟರಮ್ಮ ಒಂದು ಪಟ್ಟಿ ತೆಗೆದಳು. ಬಾಗಿಲಿಗೆ ಮಾವಿನೆಲೆ ಕಟ್ಟಿದ ಹಾಗೆ ಅದರ ತುಂಬ ಸಾಲಾಗಿ ಹಲ್ಲು. ಹಾಲಿನಂಥ ಬಿಳಿಯಿಂದ ಹಿಡಿದು ಹಳೇ ಪೇಪರಿನಂಥ ಹಳದಿಯವರೆಗೆ. ಸೀರೆ ಅಂಗಡಿಯಲ್ಲಿ ರವಿಕೆಗೆ ಬಣ್ಣ ಹೊಂದಿಸುತ್ತಾರಲ್ಲ, ಹಾಗೆ ಒಂದೊಂದನ್ನೇ ಮೊಮ್ಮಗಳ ಹಲ್ಲಿನ ಪಕ್ಕ ಹಿಡಿದು, "ಈಗ ಇಲ್ಲಿದೀರ, ಇಲ್ಲಿಗೆ ತರಬಹುದು" ಎಂದಳು. ನಾನು ಕೂತಲ್ಲಿಂದ ಎದ್ದು ಹತ್ತಿರ ಹೋಗಿ ನೋಡಿದೆ. ಇಂಥದ್ದೇ ಪಟ್ಟಿಯನ್ನು ಅರವತ್ತು ವರ್ಷದ ಹಿಂದೆ ಇದೇ ಶಿವಮೊಗ್ಗದಲ್ಲಿ ನೋಡಿದ್ದೆ. ಆಗ ಅದರ ಮುಂದೆ ಬಾಯಿ ತೆರೆದು ಕೂತವರು ನನ್ನ ಅತ್ತೆ. ಎಲ್ಲ ಹಲ್ಲನ್ನೂ ಒಂದು ಸುತ್ತು ನೋಡಿ ಮುಗಿಸಿ ಅವರು ಡಾಕ್ಟರನ್ನು ಕೇಳಿದ್ದು ಒಂದೇ ಮಾತು: "ಕೆಂಪು ಇಲ್ವಾ?"

ಬೆಳ್ಳಗಿರುವ ಹಲ್ಲೇ ಒಳ್ಳೆಯ ಹಲ್ಲು ಎಂದು ನಾನೂ ತಿಳಿದಿದ್ದೆ. ನಾನು ಹುಟ್ಟಿದ ಊರು ಹೊಳೆಹೊನ್ನೂರಿನ ಹತ್ತಿರ. ಅಲ್ಲಿ ಹಲ್ಲುಜ್ಜುವುದಕ್ಕೆ ಅಂಗಡಿಯಿಂದ ಏನಾದರೂ ತರುತ್ತಾರೆ ಎಂದರೆ ಜನ ನಗುತ್ತಿದ್ದರು. ಅಪ್ಪನಿಗೆ ಬೇವಿನ ಕಡ್ಡಿ. ಅಜ್ಜಿಗೆ ಮಾವಿನ ಎಲೆ. ಎಲೆಯಿಂದ ಉಜ್ಜಿ, ಅದರ ನಡುಗಡ್ಡಿ ಸೀಳಿ ನಾಲಿಗೆ ಹೆರೆದುಕೊಂಡು, ದನ ಬೆದರುವ ಹಾಗೆ ಓಕರಿಸುತ್ತಿದ್ದಳು. ಮಕ್ಕಳಿಗೆ ಭತ್ತದ ಹೊಟ್ಟು ಸುಟ್ಟ ಕರಿ, ಚಿಟಿಕೆ ಉಪ್ಪು. ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆ ನಾವು ಐದು ಜನ ಕರಿಬಾಯಿ ಮಾಡಿಕೊಂಡು ಕೂತರೆ ಮುಸುವಗಳ ಸಂತೆ. ಮುಕ್ಕಳಿಸಿ ಉಗಿದ ಮೇಲೆ ನೋಡಿದರೆ ಹಲ್ಲು ಪಳಪಳ. ಕರಿ ಹಚ್ಚಿದ್ದು ಬೆಳ್ಳಗಾಗುವುದು ಹೇಗೆ ಎಂದು ಅಪ್ಪನನ್ನು ಕೇಳಿದ್ದೆ. "ಉಜ್ಜು, ಕೇಳ್ಬೇಡ" ಅಂದಿದ್ದರು. ಇವತ್ತಿಗೂ ನನಗೆ ಅದು ಗೊತ್ತಿಲ್ಲ. ಇವತ್ತಿಗೂ ಇದ್ದಿಲು ಮುಟ್ಟಿದರೆ ಅದೇ ಆಶ್ಚರ್ಯ.

ನನ್ನನ್ನು ನೋಡಲು ಭದ್ರಾವತಿಯಿಂದ ಬಂದ ದಿನ ಅತ್ತೆ ಎಲ್ಲರೆದುರು, "ಒಂದ್ಸಲ ನಗಮ್ಮ" ಅಂದರು. ನಕ್ಕೆ. ಪಕ್ಕದಲ್ಲಿದ್ದ ಅಪ್ಪ ಮೆಲ್ಲಗೆ, "ಎತ್ತು ಕೊಳ್ಳೋವಾಗ ನಾನೂ ಹಿಂಗೇ ನೋಡೋದು" ಅಂದರು. ಅತ್ತೆಗೆ ಕೇಳಿಸಿತು. ಅವರೂ ನಕ್ಕರು. ಆಗ ಅವರ ಬಾಯಿ ನೋಡಿದೆ. ದಾಳಿಂಬೆ ಸಿಪ್ಪೆಯ ಬಣ್ಣ. ಹಲ್ಲು, ತುಟಿ, ನಾಲಿಗೆ ಎಲ್ಲ ಕೆಂಪು. ಹಲ್ಲಿನ ಸಂದಿ ಮಾತ್ರ ಕಪ್ಪು. ಎಲೆ, ಅಡಿಕೆ, ಸುಣ್ಣ, ಒಂದೆಸಳು ಹೊಗೆಸೊಪ್ಪು, ಮೂವತ್ತೈದು ವರ್ಷ ತಪ್ಪದೆ ಹಾಕಿಕೊಂಡ ಬಾಯಿ. ಇವರಿಗೆ ನನ್ನ ಹಲ್ಲು ಯಾಕೆ ಬೇಕಪ್ಪ ಎಂದುಕೊಂಡೆ.

ಭದ್ರಾವತಿಗೆ ಸೊಸೆಯಾಗಿ ಬಂದ ಮೇಲೆ ಹೊಟ್ಟಿನ ಕರಿ ತಪ್ಪಿತು, ಕರಿ ತಪ್ಪಲಿಲ್ಲ. ಮಾವ ಕಬ್ಬಿಣದ ಕಾರ್ಖಾನೆಯ ಇದ್ದಿಲು ಯಾರ್ಡಿನಲ್ಲಿ ಕೆಲಸಕ್ಕಿದ್ದರು. ನಮ್ಮ ಯಜಮಾನರು ಅದೇ ಕಾರ್ಖಾನೆಯಲ್ಲಿ ಮೋಲ್ಡರು, ಎಂದರೆ ಮರಳಿನಲ್ಲಿ ಅಚ್ಚು ಮಾಡಿ ಅದರೊಳಗೆ ಕಾದ ಕಬ್ಬಿಣ ಹೊಯ್ಯುವವರು. ಮಾವನ ಜೇಬಿನಲ್ಲಿ ಮನೆಗೆ ಬಂದ ಇದ್ದಿಲಿನ ಚೂರನ್ನೇ ನಾವು ಕುಟ್ಟಿ ಹಲ್ಲಿಗೆ ಹಾಕಿಕೊಳ್ಳುತ್ತಿದ್ದೆವು. ಗುಡ್ಡದ ಕಲ್ಲನ್ನು ನೀರು ಮಾಡುವ ಇದ್ದಿಲು ಅದು. ಅದನ್ನು ಬೆರಳ ತುದಿಯಲ್ಲಿ ಹಿಡಿದು ಹಲ್ಲುಜ್ಜುವಾಗ ಮೊದಮೊದಲು ನನಗೆ ಹೆದರಿಕೆಯಾಗುತ್ತಿತ್ತು, ಹಲ್ಲೂ ಕರಗಿದರೆ?

ಒಂದು ಸಲ ನಮ್ಮ ಯಜಮಾನರು ಷೋಕಿಗೆ ಬಿಳಿ ಹಲ್ಲುಪುಡಿ ತಂದು ದೇವರ ಗೂಡಿನ ಪಕ್ಕ ಇಟ್ಟರು. ಮಾವ ಸ್ನಾನ ಮಾಡಿ ಬಂದು ಅದನ್ನೇ ಮೂರು ಬೆರಳಿಗೆ ತೆಗೆದುಕೊಂಡು ಹಣೆ, ತೋಳು, ಎದೆಗೆ ಬಳಿದುಕೊಂಡು ಲಿಂಗಪೂಜೆಗೆ ಕೂತರು. ಪುಡಿಯಲ್ಲಿ ಪೆಪ್ಪರ್ಮೆಂಟು. ಪೂಜೆ ಮುಗಿಸಿ ಎದ್ದವರು, "ಇವತ್ತು ಶಿವ ಬಹಳ ತಣ್ಣಗಿದಾನೆ" ಅಂದರು. ನಾವು ಯಾರೂ ನಿಜ ಹೇಳಲಿಲ್ಲ. ಅವರು ವಾರವಿಡೀ ಅದನ್ನೇ ಹಚ್ಚಿಕೊಂಡರು. ಮನುಷ್ಯ ಅಷ್ಟು ಮೆದು. ಮಾತು ಕಡಿಮೆ. ಹೆಂಡತಿಯನ್ನು ನಾಲ್ಕು ಜನರ ಮುಂದೆ ಮಾತಾಡಿಸಿದ್ದನ್ನು ನಾನು ನೋಡಿರಲಿಲ್ಲ.

ಅತ್ತೆ ಹಾಡುವವರು. ನಮ್ಮ ಬೀದಿಯಲ್ಲಿ ಯಾವ ಮದುವೆಯಾದರೂ ಸೋಬಾನೆ ಹೇಳಲು ಮೊದಲು ಅವರನ್ನೇ ಕರೆಯುತ್ತಿದ್ದರು. ನಾನು ಬಂದ ಎರಡನೇ ವರ್ಷ ಅವರ ಹಲ್ಲು ಕೀವು ಕಟ್ಟಲು ಶುರುವಾಯಿತು. ಲವಂಗ ಇಟ್ಟರು, ಹೊಗೆಸೊಪ್ಪು ಇಟ್ಟರು, ಯಾರೋ ಹೇಳಿದರೆಂದು ಎಕ್ಕದ ಹಾಲು ಇಟ್ಟು ಕೆನ್ನೆ ಬುರುಡೆಯಾಗಿ ಊದಿತು. ಕೊನೆಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹಲ್ಲು ಕಟ್ಟುವ ಡಾಕ್ಟರೊಬ್ಬರ ಹತ್ತಿರ ಹೋಗಿ, ಉದುರಿ ಉಳಿದಿದ್ದ ಹನ್ನೊಂದು ಹಲ್ಲನ್ನೂ ನಾಲ್ಕು ಸಲಕ್ಕೆ ಕೀಳಿಸಿಕೊಂಡು ಬಂದರು. ಒಂದೂ ಉಳಿಯಲಿಲ್ಲ.

ಊಟಕ್ಕೆ ತೊಂದರೆಯಿಲ್ಲ, ಮುದ್ದೆ ನುಂಗುವುದು ತಾನೆ. ಎಲೆಯಡಿಕೆಯನ್ನು ನಾನು ಕುಟ್ಟಾಣಿಯಲ್ಲಿ ಕುಟ್ಟಿ ಕೊಡುತ್ತಿದ್ದೆ. ಹೋದದ್ದು ಮಾತು. ಬಾಯಿಂದ 'ಸ' ಎದ್ದುಹೋಯಿತು. ನಾನು 'ಹೊಹೆ' ಆದೆ. ಬೀದಿಯ ಮಕ್ಕಳು ಬೇಕೆಂದೇ ಬಂದು, "ಅಜ್ಜೀ, ಸೀಸ ಅನ್ನಿ" ಎಂದು ಕೇಳಿ ಓಡುತ್ತಿದ್ದವು. ಅಷ್ಟರಲ್ಲಿ ನನ್ನ ನಾದಿನಿ ರುದ್ರಮ್ಮನಿಗೆ ಗಾಜನೂರಿನ ಕಡೆಯ ಗಂಡು ಗೊತ್ತಾಯಿತು. ಅತ್ತೆಗೆ ಅವಳೊಬ್ಬಳೇ ಮಗಳು. ಊರಿನ ಮಕ್ಕಳಿಗೆಲ್ಲ ಹಾಡಿದವರು ತಮ್ಮ ಮಗಳ ಹಸೆಯ ಮುಂದೆ 'ಹೋಬಾನೆ' ಎಂದು ಹಾಡುವುದೆ? "ಹಲ್ಲು ಕಟ್ಟಿಹು, ಇಲ್ಲ ಮದ್ವೆ ದಿನ ನನ್ನ ಒಳಗೆ ಕೂಡಿ ಹಾಕು" ಎಂದು ಮಗನ ಮುಂದೆ ಕೂತರು.

ಹೀಗೆ ನಾವು ಮೂವರು ರೈಲು ಹತ್ತಿ ಆ ಡಾಕ್ಟರ ಹತ್ತಿರ ಹೋದೆವು. ಅವರು ಬಿಸಿ ಮೇಣದಿಂದ ಅತ್ತೆಯ ವಸಡಿನ ಅಚ್ಚು ತೆಗೆದರು, ಅದರೊಳಗೆ ಪ್ಲಾಸ್ಟರು ಹೊಯ್ದರು. ಅತ್ತೆಯ ಬಾಯಿ ಬೆಳ್ಳಗೆ ಕಲ್ಲಾಗಿ ಮೇಜಿನ ಮೇಲೆ ಕೂತಿತು. ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ನಮ್ಮ ಯಜಮಾನರು ಇನ್ನೂ ಹತ್ತಿರ ಹೋಗಿ ಬಗ್ಗಿದರು.

"ಸಾರ್, ಇದು ನಮ್ಮ ಮೋಲ್ಡಿಂಗ್ ಶಾಪಿನ ಕೆಲಸಾನೇ."

"ಮೋಲ್ಡರಾ ನೀವು? ಹಂಗಾದ್ರೆ ಬನ್ನಿ ಇಲ್ಲಿ" ಎಂದು ಡಾಕ್ಟರು ಅಂಗೈಯಷ್ಟು ಅಗಲದ ಒಂದು ಹಿತ್ತಾಳೆ ಪೆಟ್ಟಿಗೆ ತೋರಿಸಿದರು. ಮೇಲೊಂದು ಭಾಗ, ಕೆಳಗೊಂದು ಭಾಗ. "ಮೇಣದಲ್ಲಿ ಹಲ್ಲು ಜೋಡ್ಸಿ ಇದರೊಳಗೆ ಹೂಳ್ತೀನಿ. ಮೇಣ ಕರಗ್ಸಿ ತೆಗೆದು, ಆ ಜಾಗಕ್ಕೆ ವಸಡಿನ ಮಾಲು ತುಂಬಿ ಬಿಗಿದು, ನೀರಲ್ಲಿ ಬೇಯ್ಸಿದ್ರೆ ಗಟ್ಟಿಯಾಗುತ್ತೆ."

"ನಮ್ಮ ಬಾಕ್ಸು ಎತ್ತೋಕೆ ಇಬ್ರು ಬೇಕು" ಅಂದರು ಇವರು, ಆ ಪುಟ್ಟ ಪೆಟ್ಟಿಗೆಯನ್ನು ಕೋಳಿಮರಿ ಹಿಡಿದ ಹಾಗೆ ಹಿಡಿದುಕೊಂಡು. "ಒಂದು ಮಾತು ಸಾರ್. ಈ ಪ್ಲಾಸ್ಟರ್ ಬಾಯಿ ಇನ್ನೊಂದು ಮಾಡಿಟ್ಕೊಳ್ಳಿ. ಪ್ಯಾಟರ್ನು ಕಳಕೊಂಡ ಮೋಲ್ಡರ್ ಕೆಟ್ಟ."

ಆಮೇಲೆ ಆ ಬಣ್ಣದ ಪಟ್ಟಿ ಬಂತು. ಅತ್ತೆ ಕೆಂಪು ಕೇಳಿದರು. ಡಾಕ್ಟರು ನಕ್ಕರು. "ಕೆಂಪು ಹಲ್ಲು ಪ್ರಪಂಚದಲ್ಲೇ ಯಾರೂ ಮಾಡಲ್ಲ ತಾಯಿ. ತೀರಾ ಅಂದ್ರೆ ಈ ಹಳದಿ ಇದೆ."

"ಹಳದಿ ಕುದ್ರೆಗೆ" ಅಂದರು ಅತ್ತೆ. "ಬಿಳೀದೇ ಹಾಕು. ಮುಂದಿಂದು ನಾನು ನೋಡ್ಕೊತೀನಿ."

ಸೆಟ್ಟು ಮನೆಗೆ ಬಂದ ದಿನವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಗಾಜಿನ ಲೋಟದ ನೀರಿನಲ್ಲಿ ಇಪ್ಪತ್ತೆಂಟು ಹಲ್ಲು ನಗುತ್ತ ಕೂತಿದ್ದವು. ಮುಖವಿಲ್ಲದ ನಗು. ಕೈಮುಗಿಯಬೇಕೋ ಓಡಬೇಕೋ ತಿಳಿಯಲಿಲ್ಲ. ಅತ್ತೆ ಅವನ್ನು ಬಾಯಿಗೆ ಹಾಕಿಕೊಂಡು, ಎರಡು ಸಲ ಕಚಕಚ ಮಾಡಿ, ನನ್ನತ್ತ ತಿರುಗಿ ನಿಧಾನವಾಗಿ, "ಸೊಸೆ" ಅಂದರು. ಕುಸಿದ ಕೆನ್ನೆ ಎದ್ದು ನಿಂತಿತ್ತು. ಹತ್ತು ವರ್ಷ ಹಿಂದಕ್ಕೆ ಹೋಗಿದ್ದರು. ಮನುಷ್ಯರ ಕೈ ಮನುಷ್ಯರ ಬಾಯಿಗೆ ಒಂದು ಅಕ್ಷರವನ್ನು ತಿರುಗಿ ತಂದುಕೊಡುತ್ತದೆ ಎಂದರೆ ನೀವೇ ಹೇಳಿ, ಇದಕ್ಕಿಂತ ದೊಡ್ಡದು ನಾನೇನು ನೋಡಬೇಕು?

ಆ ಸಂತೋಷ ಮಧ್ಯಾಹ್ನದವರೆಗೂ ಇರಲಿಲ್ಲ. ಪಕ್ಕದ ಮನೆಯ ಮುನಿಯಮ್ಮ, ತಮಿಳರವಳು, ನಲ್ಲಿಯ ಹತ್ತಿರ ಅತ್ತೆಯನ್ನು ಕಂಡು ಕೊಡ ಕೆಳಗಿಟ್ಟಳು. "ಏನಕ್ಕಾ, ಪಲ್ಲು ಫಸ್ಟ್ ಕ್ಲಾಸಾಗಿದೆ! ಎಲೆ ಬಿಟ್ಬಿಟ್ಟಿಯಾ?"

ಅವಳು ಕೆಟ್ಟದ್ದಕ್ಕೆ ಕೇಳಿದ್ದಲ್ಲ. ಆದರೆ ನಮ್ಮ ಬೀದಿಯಲ್ಲಿ ಆಗ ಎಲೆಯಡಿಕೆ ಬಿಡುವ ಹೆಂಗಸು ಎಂದರೆ ಗಂಡ ಸತ್ತವಳು. ಅತ್ತೆ ಒಳಗೆ ಬಂದವರೇ ಹಲ್ಲು ತೆಗೆದು ಲೋಟಕ್ಕೆ ಹಾಕಿದರು.

"ಕೇಳಿದ್ಯಾ? ನಿಮ್ಮಾವ ಅಲ್ಲಿ ಜಗಲಿ ಮೇಲೆ ಕೂತು ಕೆಮ್ತಾ ಇದಾರೆ, ಇವಳು ಆಗ್ಲೇ ನಂಗೆ ಎಲೆ ಬಿಡಿಹಿದ್ಲು. ಬೀಗರ ಮುಂದೆ ಈ ಬಾಯಿ ತೆಗೀಲಾ? ಇಲ್ಲ ಮಾರಾಯ್ತಿ, ಆಗಲ್ಲ. ನಾನು ಹಾಡಲ್ಲ."

ಎರಡು ದಿನ ಎಲೆಯಡಿಕೆ ಅಗಿದು ಅಗಿದು ಪ್ರಯತ್ನಪಟ್ಟರು. ಪಿಂಗಾಣಿ ಹಲ್ಲು, ತೊಳೆದರೆ ಮತ್ತೆ ಅದೇ ಬಿಳಿ. ಮದುವೆಗೆ ನಾಲ್ಕು ದಿನ ಉಳಿದಾಗ ನನ್ನನ್ನು ಕರೆದರು.

"ನಿನ್ನ ತವರಲ್ಲಿ ಅಡಿಕೆಗೆ ಬಣ್ಣ ಕೊಡ್ತಾರಲ್ಲ, ಅದನ್ನ ಇದಕ್ಕೆ ಕೊಡು."

ಅಡಿಕೆಗೆ ಬಣ್ಣ ಕೊಡುವುದು ಚೊಗರು. ಹಸಿ ಅಡಿಕೆ ಬೇಯಿಸಿದ ನೀರನ್ನೇ ಇಂಗಿಸಿ ಇಂಗಿಸಿ ಮಂದ ಮಾಡಿದ ಕೆಂಪು ರಸ. ಸಪ್ಪೆ ಅಡಿಕೆಯನ್ನು ಅದರಲ್ಲಿ ಹಾಕಿ ತೆಗೆದರೆ ಮಾಣಿಕ್ಯದ ಹಾಗಾಗುತ್ತದೆ. ಅಮ್ಮ ಕಳಿಸಿದ ಒಂದು ಬಾಟಲಿ ಮನೆಯಲ್ಲಿತ್ತು. ನನಗೋ, ಅತ್ತೆಮನೆಯಲ್ಲಿ ನನಗೆ ಗೊತ್ತಿರುವ ಒಂದು ವಿದ್ಯೆಯನ್ನು ಮೊದಲ ಸಲ ಕೇಳಿದರಲ್ಲ ಎಂಬ ಜಂಬ. ಸುಮ್ಮನೆ ನೆನೆಹಾಕಿದರೆ ಬಣ್ಣ ಮೇಲೆಮೇಲೆ ನಿಲ್ಲುತ್ತದೆ, ಬೆಂದರೆ ಒಳಗೆ ಇಳಿಯುತ್ತದೆ. ಡಾಕ್ಟರೇ ಹೇಳಿದ್ದಾರಲ್ಲ, ಇದು ನೀರಲ್ಲಿ ಬೇಯಿಸಿಯೇ ಗಟ್ಟಿಯಾಗುವುದು ಎಂದು. ಗಂಡಸರಿಬ್ಬರೂ ಕೆಲಸಕ್ಕೆ ಹೋಗಿದ್ದರು. ಪಾತ್ರೆಯಲ್ಲಿ ಚೊಗರು ಕುದಿಸಿ ಎರಡು ಸಾಲು ಹಲ್ಲನ್ನೂ ಬಿಟ್ಟೆ. ಅವು ಕುದಿಯಲ್ಲಿ ಏಳುತ್ತ ಮುಳುಗುತ್ತ ಏನನ್ನೋ ಗೊಣಗುವ ಹಾಗೆ ಕಾಣುತ್ತಿದ್ದವು. ಹಲಸಿನ ಬೀಜ ಬೇಯುವಷ್ಟು ಹೊತ್ತು ಬಿಟ್ಟು ಸೌಟಿನಲ್ಲಿ ತೆಗೆದೆ.

ಹಲ್ಲು ಹಾಲಿನ ಹಾಗೆ ಬಿಳಿ. ವಸಡು ಮಾತ್ರ ಮಣ್ಣಿನ ಬಣ್ಣ. ಅಷ್ಟೇ ಆಗಿದ್ದರೆ ಮುಚ್ಚಿಡಬಹುದಿತ್ತು. ಮೇಲಿನ ಸಾಲು ಒಣಗಿದ ತೆಂಗಿನ ಗರಿಯ ಹಾಗೆ ಮುರುಟಿಕೊಂಡಿತ್ತು. ಅತ್ತೆ ಬಾಯಿಗಿಟ್ಟು ನೋಡಿದರು, ಕೂರಲಿಲ್ಲ. ತಿರುಗಿಸಿ ಇಟ್ಟರು, ಕೂರಲಿಲ್ಲ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಸುಮ್ಮನೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, "ನಾಳೆ ಬೆಳಿಗ್ಗೆ ರೈಲು" ಅಂದರು.

ಡಾಕ್ಟರು ಅದನ್ನು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದರು. ಮೂಸಿ ನೋಡಿದರು.

"ಇದೇನು ಅಡಿಕೆ ವಾಸ್ನೆ? ಯಾರು ಬೇಯ್ಸಿದ್ದು ಇದನ್ನ?"

ನಮ್ಮ ಯಜಮಾನರು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ತೊಡೆ ಚಿವುಟಿ, "ನಾನೇ" ಅಂದರು.

"ಬೇಯ್ಹಿದ್ರೆ ಗಟ್ಟಿಯಾಗುತ್ತೆ ಅಂದ್ಯಲ್ಲ ನೀನು? ನಿಂದೇ ತಪ್ಪು."

"ತಾಯೀ, ನಾನು ಬೇಯ್ಸೋದು ಪೆಟ್ಟಿಗೆಯೊಳಗೆ ಬಿಗಿದು!"

"ಬಾಕ್ಸಿಲ್ದೆ ಕಾಸಿದ್ರೆ ಸೊಟ್ಟಗಾಗ್ದೆ ಇನ್ನೇನವ್ವ" ಎಂದು ಇವರು ಹಣೆ ಚಚ್ಚಿಕೊಂಡರು.

ಆ ಚಿವುಟಿದ ಗುರುತು ಎರಡು ದಿನ ಇತ್ತು. ಯಾಕೆ ಹಾಗೆ ಹೇಳಿದಿರಿ ಎಂದು ಆಮೇಲೆ ಕೇಳಿದ್ದಕ್ಕೆ ಅತ್ತೆ, "ಅವನು ಬಯ್ದು, ನೀನು ಅಳ್ತಾ ಕೂತ್ರೆ ಮದ್ವೆಗೆ ಒಬ್ಬಟ್ಟು ತಟ್ಟೋರು ಯಾರು?" ಅಂದರು. ಅಷ್ಟೇ. ಅದಕ್ಕಿಂತ ಜಾಸ್ತಿ ಹುಡುಕಬೇಡಿ, ಇರಲಿಲ್ಲ. ಆದರೂ ನನಗೆ ಅದು ಸಾಕಾಗಿತ್ತು.

ಹೊಸದಾಗಿ ಮಾಡಲು ಎಂಟು ದಿನ ಬೇಕು ಎಂದರು ಡಾಕ್ಟರು. ಸಹಾಯಕ ಬೇರೆ ಊರಿಗೆ ಹೋಗಿದ್ದಾನೆ. ನಮ್ಮ ಯಜಮಾನರು ಗೂಡಿನ ಕಡೆ ಕೈ ತೋರಿಸಿದರು. ಎರಡನೇ ಪ್ಲಾಸ್ಟರ್ ಬಾಯಿ ಅಲ್ಲಿ ಕೂತಿತ್ತು.

"ಅಚ್ಚಿದ್ರೆ ಅರ್ಧ ಮಾಲು ಇದ್ದಂಗೆ ಸಾರ್. ಪ್ಲಾಸ್ಟರ್ ನಾನು ಕಲಸ್ತೀನಿ, ಬಾಕ್ಸ್ ನಾನು ಕಟ್ತೀನಿ. ಹಲ್ಲು ಜೋಡ್ಸೋದು ನೀವು."

ಅವತ್ತು ನಾನು ಆ ಬೆಂಚಿನ ಮೇಲೆ ಕೂತು ನೋಡಿದ್ದು ಹಲ್ಲನ್ನಲ್ಲ, ಗಂಡನನ್ನು. ಎರಡು ವರ್ಷ ಸಂಸಾರ ಮಾಡಿದ್ದೆ. ಆತ ಉಣ್ಣುವುದನ್ನು, ನಿದ್ದೆ ಮಾಡುವುದನ್ನು, ಬೀಡಿ ಸೇದುವುದನ್ನು ನೋಡಿದ್ದೆ. ಕೆಲಸ ಮಾಡುವುದನ್ನು ನೋಡಿರಲಿಲ್ಲ. ಕಾರ್ಖಾನೆಯೊಳಗೆ ಹೆಂಗಸರನ್ನು ಯಾರು ಬಿಡುತ್ತಾರೆ? ಸುಟ್ಟ ಕಲೆಗಳು ತುಂಬಿದ ಆ ದಪ್ಪ ಬೆರಳುಗಳು ಪ್ಲಾಸ್ಟರನ್ನು ಒಂದು ಗುಳ್ಳೆ ಏಳದಂತೆ ಹೊಯ್ದವು. ಪೆಟ್ಟಿಗೆಯ ಅಂಚನ್ನು ಉಗುರಿನಲ್ಲಿ ಸವರಿದವು. ಡಾಕ್ಟರು ಮಾತು ನಿಲ್ಲಿಸಿ ನೋಡಿದರು. "ನನ್ನ ಹುಡುಗ ಆರು ವರ್ಷದಿಂದ ಮಾಡ್ತಿದಾನೆ, ಇಷ್ಟು ಚೊಕ್ಕ ಬರಲ್ಲ" ಅಂದರು. ಇವರು ತಲೆ ಎತ್ತಲಿಲ್ಲ. ನಾನು ಸೆರಗು ಸರಿಮಾಡಿಕೊಂಡೆ.

ಮಾರನೇ ದಿನ ಇವರೇ ಹೋಗಿ ಸೆಟ್ಟು ತಂದರು. ಕೂತಿತು. 'ಸ' ಬಂತು. ಬಣ್ಣ ಮಾತ್ರ ಅದೇ ಬಿಳಿ. ಅತ್ತೆ ಕನ್ನಡಿ ನೋಡಿ, ಕನ್ನಡಿಯನ್ನು ಬೋರಲು ಹಾಕಿದರು.

ಮದುವೆ ನಮ್ಮ ಮನೆಯ ಮುಂದಿನ ಚಪ್ಪರದಲ್ಲೇ. ಧಾರೆ ಮುಗಿಯಿತು. ಹೆಣ್ಣು ಗಂಡನ್ನು ಹಸೆಯ ಮೇಲೆ ಕೂರಿಸಿ ಆರತಿ ತಟ್ಟೆ ತಂದರು. ಅತ್ತೆ ಬೆಳಗಿನಿಂದ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದೇ ಓಡಾಡಿದ್ದರು. ನಮ್ಮ ಬೀದಿಯವರೆಲ್ಲ, "ಹಾಡಕ್ಕ, ಹಾಡಕ್ಕ" ಎಂದು ಕೂಗಿದರು. ಗಂಡಿನ ಸೋದರತ್ತೆಯೊಬ್ಬಳು, ಆನೆಯಂಥ ಹೆಂಗಸು, ಹತ್ತಿರ ಬಂದು, "ಬಹಳ ಚೆನ್ನಾಗಿ ಹಾಡ್ತೀರಂತೆ ಬೀಗ್ತೀ, ನಮಗೂ ಸ್ವಲ್ಪ ಕೇಳ್ಸಿ" ಎಂದು ಸೆರಗನ್ನು ಹಿಡಿದೆಳೆದಳು. ಅತ್ತೆ "ಇಲ್ಲ" ಎನ್ನುವುದಕ್ಕೆ ಬಾಯಿ ತೆರೆದರು. ಆ ಹೆಂಗಸು ಮೊದಲು ಅತ್ತೆಯ ಹಲ್ಲು ನೋಡಿದಳು, ಆಮೇಲೆ ಮೆಲ್ಲಗೆ ಕೊರಳು ನೋಡಿದಳು, ತಾಳಿ ಇದೆಯೋ ಇಲ್ಲವೋ ಎಂದು. ಅತ್ತೆಯ ಬಾಯಿ ಪೆಟ್ಟಿಗೆಯ ಹಾಗೆ ಮುಚ್ಚಿಕೊಂಡಿತು. ರುದ್ರಮ್ಮ ಹಸೆಯ ಮೇಲಿಂದ ಅವ್ವನನ್ನೇ ನೋಡುತ್ತಿದ್ದಳು.

ಜಗಲಿಯ ಮೇಲೆ ಕೆಮ್ಮುತ್ತ ಕೂತವರಿಗೆ ಕಿವಿ ಇರುವುದಿಲ್ಲ ಎಂದು ನಾವು ಹೆಂಗಸರು ತಿಳಿದಿದ್ದೆವು. ಗಂಡಸರ ಕಡೆಯಿಂದ ಮಾವ ಎದ್ದು ಬಂದರು. ಹೆಂಗಸರ ಗುಂಪು ಸೀಳಿಕೊಂಡು, ಯಾರ ಮುಖವನ್ನೂ ನೋಡದೆ, ಎಲೆಯಡಿಕೆ ತಟ್ಟೆಯಿಂದ ಎಲೆ ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ, ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಾಯಿಯ ಹತ್ತಿರ ಹಿಡಿದರು.

"ತಗಾ."

ಅತ್ತೆ ಗಾಬರಿಯಲ್ಲಿ ಬಾಯಿ ತೆರೆದರು, ಗಾಬರಿಯಲ್ಲೇ ಮುಚ್ಚಿದರು. ಹೊಸ ಹಲ್ಲು, ಎಲ್ಲಿ ಎಲೆ ಮುಗಿಯಿತು ಎಲ್ಲಿ ಬೆರಳು ಶುರುವಾಯಿತು ಎಂದು ಅದಕ್ಕೇನು ಗೊತ್ತು?

"ಅಯ್ಯಯ್ಯಪ್ಪೋ! ಕಚ್ಚಿದ್ಲು ಕಣ್ರೋ!"

ನಲವತ್ತು ವರ್ಷ ದನಿ ಎತ್ತದ ಮನುಷ್ಯ ಕೂಗಿದ್ದು ಹಾಗೆ. ಓಲಗ ನಿಂತಿತು. ಗಂಡಿನ ಸೋದರತ್ತೆ ಮೊದಲು ನಕ್ಕಳು. "ಬಿಡಿ ಬೀಗ್ತೀ, ಗಂಡ ಗಟ್ಟಿಯಾಗೇ ಇದಾನೆ! ಈ ಕೂಗು ಗಾಜನೂರಿಗೂ ಕೇಳ್ಸಿರುತ್ತೆ." ಚಪ್ಪರಕ್ಕೆ ಚಪ್ಪರವೇ ಬಿದ್ದು ಬಿದ್ದು ನಕ್ಕಿತು. ಅತ್ತೆಯೂ ನಕ್ಕರು. ಎಲೆಯ ಹಸಿರು ಮೆತ್ತಿದ ಇಪ್ಪತ್ತೆಂಟು ಬಿಳಿ ಹಲ್ಲು ಬೀಗರ ಎದುರಿಗೆ ಹೊರಗೆ ಬಂದವು, ಸೆರಗು ಜಾರಿದ್ದು ಅವರಿಗೆ ಗೊತ್ತಾಗಲಿಲ್ಲ. ನಗು ಇನ್ನೂ ನಿಲ್ಲುವ ಮೊದಲೇ ಅತ್ತೆ ಕಣ್ಣು ಮುಚ್ಚಿ ಸೋಬಾನೆ ಎತ್ತಿಕೊಂಡರು. ಒಂದು ಮಾತೂ ಸೋರಲಿಲ್ಲ.

ಗಂಡಸರ ಕಡೆಗೆ ಹೋಗಲು ಮಾವನಿಗೆ ದಾರಿ ಇತ್ತು. ಅವರು ಹೋಗಲಿಲ್ಲ. ಹಾಡು ಮುಗಿಯುವವರೆಗೂ ಕಚ್ಚಿಸಿಕೊಂಡ ಬೆರಳನ್ನು ಮೇಲೆತ್ತಿ ಹಿಡಿದುಕೊಂಡು, ಹೆಂಗಸರ ನಡುವೆ, ಹೆಂಡತಿಯ ಪಕ್ಕದಲ್ಲೇ ಕೂತಿದ್ದರು.